ಸಂಕಲ್ಪದಲ್ಲಿ ಇಬ್ಬರು ಹೆಣ್ಣುಮಕ್ಕಳು

ಫ್ರೀಮಾಂಟ್

ಅಮೆರಿಕದಲ್ಲಿ ನಾನು ಮಾಡಿಸಿದ ಮೊದಲ ಪೂಜೆ ಒಂದು ಕಬ್ಬಿಣದ ಬೀರುವಿಗೆ. ಅದರೊಳಗೆ ಕಂಪ್ಯೂಟರುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಪೂಜೆಗೆ ಕೂತ ಯಜಮಾನನಿಗೆ ಇನ್ನೂ ಮೂವತ್ತಾಗಿರಲಿಲ್ಲ. ನಾಯಿಗಳಿಗೆ ಬೇಕಾದ ಬಿಸ್ಕತ್ತನ್ನು ಮನೆಬಾಗಿಲಿಗೆ ತಲುಪಿಸುವ ಕಂಪನಿಯೊಂದನ್ನು ಅವನು ಇಂಟರ್ನೆಟ್ಟಿನಲ್ಲಿ ತೆರೆದಿದ್ದ. "ಶಾಸ್ತ್ರಿಗಳೇ, ಸರ್ವರು ಡೌನ್ ಆಗದ ಹಾಗೆ ಏನಾದ್ರೂ ಹೇಳಿ" ಎಂದ. ಅರಿಶಿನ ಹಚ್ಚಲು ಹೋದರೆ ಕೈ ಹಿಡಿದುಕೊಂಡ. ಪುಡಿ ಒಳಗೆ ಹೋದರೆ ಯಂತ್ರ ಕೆಡುತ್ತದಂತೆ. ಊದುಬತ್ತಿ ಹಚ್ಚುವಂತಿಲ್ಲ, ಹೊಗೆ ಕಂಡರೆ ಚಾವಣಿಯಿಂದ ತಾನಾಗಿಯೇ ನೀರು ಸುರಿಯುತ್ತದಂತೆ. ಆರತಿಯ ಮಾತೇ ಬೇಡ. ಕಡೆಗೆ ನಾಲ್ಕು ಕಾಳು ಅಕ್ಷತೆ ಹಾಕಿ, ಪಂಚಭೂತಗಳಲ್ಲಿ ಅಗ್ನಿಯನ್ನೂ ಜಲವನ್ನೂ ಬಿಟ್ಟು, ಉಳಿದ ಮೂರರಲ್ಲಿ ಪೂಜೆ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪೂಜೆಗೆ ಚಪ್ಪಾಳೆ ತಟ್ಟುವುದನ್ನು ನಾನು ನೋಡಿದ್ದು ಅದೇ ಮೊದಲು.

ಅದು ಎರಡು ಸಾವಿರದ ಇಸವಿಯ ಆರಂಭ. ನನಗೆ ಅರವತ್ತೊಂದು. ಮೈಸೂರಿನಲ್ಲಿ ಹೈಸ್ಕೂಲಿನ ಸಂಸ್ಕೃತ ಮೇಷ್ಟ್ರಾಗಿ ನಿವೃತ್ತನಾಗಿದ್ದೆ. ಪೌರೋಹಿತ್ಯ ಮನೆತನದಿಂದ ಬಂದದ್ದು. ಫ್ರೀಮಾಂಟಿನ ಹತ್ತಿರದ ಒಂದು ದೇವಸ್ಥಾನದ ಅರ್ಚಕರು ಮೂರು ತಿಂಗಳು ರಜೆ ಹೋಗಿದ್ದರು. ಅವರ ಜಾಗಕ್ಕೆ ನನ್ನನ್ನು ಕರೆಸಿಕೊಂಡಿದ್ದರು. ದೇವಸ್ಥಾನದ ಕಮಿಟಿಯ ಅಧ್ಯಕ್ಷರಾದ ಚಂದ್ರಶೇಖರ್ ಅವರ ಮನೆಯ ಮಹಡಿಯ ಕೋಣೆ ನನ್ನ ವಾಸ. ಬೆಂಗಳೂರಿನ ಬಸವನಗುಡಿಯವರು, ಎಂಜಿನಿಯರು. ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು. ಬೆಳಿಗ್ಗೆ ರಾಗಿ ಗಂಜಿ ಕೊಡದೆ ಅವರ ಹೆಂಡತಿ ಆಫೀಸಿಗೆ ಹೊರಟದ್ದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವರ ಬಗ್ಗೆ ಒಳ್ಳೆಯ ಮಾತು ಆಡುವ ಸಂದರ್ಭ ಹೆಚ್ಚು ಬರುವುದಿಲ್ಲ.

ಅಲ್ಲಿನ ನಮ್ಮವರ ಶಾಸ್ತ್ರ ಒಂದು ಅದ್ಭುತ. ಹಬ್ಬ ಯಾವ ವಾರ ಬಂದರೂ ಶನಿವಾರವೇ ಬರುತ್ತದೆ. ಮುಹೂರ್ತವನ್ನು ಪಂಚಾಂಗ ಹೇಳುವುದಿಲ್ಲ, ಪಾರ್ಟಿ ಹಾಲಿನ ಬುಕಿಂಗು ಹೇಳುತ್ತದೆ. ಅಮಾವಾಸ್ಯೆಯ ದಿನವೇ ಉಪನಯನ ಇಟ್ಟುಕೊಂಡವರನ್ನು ಕೇಳಿದೆ. "ಲಾಂಗ್ ವೀಕೆಂಡು ಅದೊಂದೇ ಇರೋದು, ಅಡ್ಜಸ್ಟ್ ಮಾಡಿ" ಅಂದರು. ಅಡ್ಜಸ್ಟ್ ಮಾಡಿದೆ. ಒಂದು ಗೃಹಪ್ರವೇಶದಲ್ಲಿ ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ, ಅಲ್ಯೂಮಿನಿಯಂ ತಟ್ಟೆಯೊಳಗೆ ಹೋಮ ಮಾಡಿಸಿದರು. ಪೂರ್ಣಾಹುತಿಯ ತುಪ್ಪ ಬಿದ್ದದ್ದೇ ತಡ, ಎದುರು ಮನೆಯಾಕೆ ಫೋನು ಮಾಡಿ ಅಗ್ನಿಶಾಮಕದ ಲಾರಿಯನ್ನೇ ಕರೆಸಿದಳು. ಹೆಲ್ಮೆಟ್ಟು ಹಾಕಿದ ಮೂವರು ಇಳಿದು ಬಂದು, ಇಲ್ಲಿ ಏನು ಬೇಯಿಸುತ್ತಿದ್ದೀರಿ ಎಂದು ಕೇಳಿದರು. ಮನೆಯವರು ನಾಚಿಕೆಯಿಂದ, ಬಾರ್ಬೆಕ್ಯೂ ಎಂದರು. ಅಗ್ನಿದೇವ ಆಮೇಲೆ ಅವರ ಮನೆಯಲ್ಲಿ ಇದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.

ಎವರ್‌ಗ್ರೀನ್

ಆ ಮಾರ್ಚಿನಲ್ಲಿ ಅಲ್ಲಿ ಮತದಾನವಿತ್ತು. ಗಂಡು ಹೆಣ್ಣಿನ ನಡುವೆ ಆಗುವುದು ಮಾತ್ರ ಮದುವೆ ಎಂದು ಆ ರಾಜ್ಯದ ಕಾನೂನಿನಲ್ಲಿ ಬರೆಯಬೇಕೆ ಬೇಡವೆ ಎಂಬುದು ಜನರ ಮುಂದಿಟ್ಟ ಪ್ರಶ್ನೆಗಳಲ್ಲಿ ಒಂದು. ಪರ ವಿರೋಧ ಹೇಳುವ ಬೋರ್ಡುಗಳನ್ನು ಮನೆಮುಂದಿನ ಹುಲ್ಲಿನಲ್ಲಿ ನೆಟ್ಟಿದ್ದರು. ಚಂದ್ರಶೇಖರ್ ಅವರ ಹುಲ್ಲಿನಲ್ಲೂ ಒಂದು ನಿಂತಿತು. ಅದನ್ನು ತಂದುಕೊಟ್ಟವರು ಪಕ್ಕದ ಬೀದಿಯ ಚರ್ಚಿನವರು. ಹೋದ ವರ್ಷದವರೆಗೂ ಅದೇ ಚರ್ಚಿನವರು ಬಾಗಿಲು ತಟ್ಟಿದರೆ ಇವರು ಟಿವಿ ಆರಿಸಿ, ಉಸಿರು ಹಿಡಿದು, ಮನೆಯಲ್ಲಿ ಯಾರೂ ಇಲ್ಲದ ಹಾಗೆ ಕೂರುತ್ತಿದ್ದರಂತೆ. ಈಗ ಕರೆದು ಟೀ ಕೊಟ್ಟರು. ಎರಡು ಧರ್ಮಗಳು ಇಷ್ಟು ಸುಲಭವಾಗಿ ಒಂದಾಗುವುದನ್ನು ನಾನು ಕಂಡಿರಲಿಲ್ಲ. ದೇವರ ವಿಷಯದಲ್ಲಿ ಆಗದ್ದು ಮೂರನೆಯವರನ್ನು ಬೈಯುವ ವಿಷಯದಲ್ಲಿ ಆಯಿತು.

ಸ್ಯಾನ್ ಹೊಸೆಯ ಪೂರ್ವಕ್ಕಿರುವ ಎವರ್‌ಗ್ರೀನ್ ಗುಡ್ಡದ ಮೇಲೆ, ನಮ್ಮವರೊಬ್ಬರ ಹೊಸ ಮನೆಯಲ್ಲಿ ಭಜನೆ, ಅದರ ಹಿಂದೆಯೇ ಒಂದು ಸಭೆ. ಮಂಡ್ಯದವರು, ಹಾಸನದವರು, ಮೈಸೂರಿನವರು, ನಲವತ್ತು ಜನ ಸೇರಿದ್ದರು. ಅವರಲ್ಲಿ ಬಹಳ ಮಂದಿಗೆ ಆ ದೇಶದಲ್ಲಿ ವೋಟೇ ಇರಲಿಲ್ಲ. ಆದರೂ ಆವೇಶಕ್ಕೇನೂ ಕಡಿಮೆಯಿಲ್ಲ. ಮೊದಲು ಚರ್ಚಿನ ಹಿರಿಯರೊಬ್ಬರು ಮಾತಾಡಿದರು. ಆಮೇಲೆ ವಿವಾಹ ಸಂಸ್ಕಾರದ ಬಗ್ಗೆ ನಮ್ಮ ಶಾಸ್ತ್ರ ಏನು ಹೇಳುತ್ತದೆಂದು ತಿಳಿಸಲು ನನ್ನನ್ನು ನಿಲ್ಲಿಸಿದರು. ಕನ್ನಡ ಬಾರದ ಅತಿಥಿಗಳಿಗಾಗಿ ಆ ಮನೆಯ ಹದಿನೈದು ವರ್ಷದ ಹುಡುಗಿ ನನ್ನ ಮಾತನ್ನು ಇಂಗ್ಲಿಷಿನಲ್ಲಿ ಹೇಳಬೇಕು.

ನಾನು ಮೇಷ್ಟ್ರು. ಮೊದಲಿಂದ ಶುರುಮಾಡಿದೆ. ಧರ್ಮಶಾಸ್ತ್ರ ಎಂಟು ಬಗೆಯ ಮದುವೆ ಹೇಳುತ್ತದೆ ಎಂದೆ. ತಂದೆ ದಾನ ಕೊಡುವುದು, ಹಸು ಪಡೆದು ಕೊಡುವುದು, ಹುಡುಗ ಹುಡುಗಿ ತಾವೇ ಮೆಚ್ಚಿ ಕೂಡುವುದು, ಬಂಧುಗಳನ್ನು ಹೊಡೆದು ಹುಡುಗಿಯನ್ನು ಎತ್ತಿಕೊಂಡು ಹೋಗುವುದು. ಹುಡುಗಿ ಇಲ್ಲಿಗೆ ಬಂದಾಗ ಒಂದು ಕ್ಷಣ ನಿಂತು, "ಸೋ ಬೇಸಿಕಲಿ, ಕಿಡ್ನ್ಯಾಪಿಂಗ್ ಈಸ್ ಓಕೆ" ಎಂದಳು. ಚರ್ಚಿನ ಹಿರಿಯರು ಟೀ ಲೋಟ ಕೆಳಗಿಟ್ಟರು.

ಚಂದ್ರಶೇಖರ್ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಶಾಸ್ತ್ರಿಗಳೇ, ಅದೆಲ್ಲ ಹಳೇದು, ಬಿಡಿ. ಮೇನ್ ಪಾಯಿಂಟಿಗೆ ಬನ್ನಿ" ಅಂದರು.

ಮೇನ್ ಪಾಯಿಂಟಿಗೆ ಬಂದೆ. ಮದುವೆ ಸಂತಾನಕ್ಕಾಗಿ, ಗಂಡು ಹೆಣ್ಣು ಇಲ್ಲದೆ ಅದು ಸಂಸ್ಕಾರವೇ ಅಲ್ಲ ಎಂದೆ. ಚಪ್ಪಾಳೆ ಬಿತ್ತು. ಅವರು ಬೇಡಿದ್ದನ್ನು ಕೊಟ್ಟೆ ಎನ್ನುವುದು ಅರ್ಧ ಸತ್ಯ. ಆಗ ನನ್ನ ಮನಸ್ಸಿನಲ್ಲೂ ಇದ್ದದ್ದು ಅದೇ. ಎರಡು ಹೆಣ್ಣು ಮದುವೆಯಾಗುವ ಮಾತು ನನಗೆ ತಮಾಷೆಯಾಗಿಯೂ ಅಸಹ್ಯವಾಗಿಯೂ ಕಂಡಿತ್ತು.

ಊಟದ ಹೊತ್ತಿಗೆ ಎಂಬತ್ತರ ಮೇಲಿನ ಮುದುಕಿಯೊಬ್ಬರು ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ಹಾಸನದ ಕಡೆಯವರು, ಜಾನಕಮ್ಮ. "ಎಂಟು ಹೇಳಿದ್ರಲ್ಲ ಶಾಸ್ತ್ರಿಗಳೇ, ನಂದು ಯಾವುದು ಅಂತ ಯೋಚ್ನೆ ಮಾಡ್ತಾ ಇದ್ದೆ" ಎಂದರು. ತಂದೆ ದಾನವಾಗಿ ಕೊಟ್ಟಿದ್ದರೆ ಬ್ರಾಹ್ಮ ವಿವಾಹ, ಅತ್ಯಂತ ಶ್ರೇಷ್ಠ ಎಂದೆ. "ಹೌದಾ" ಎಂದು ನಕ್ಕರು. ಆ ನಗು ನನಗೆ ಅಷ್ಟು ಹಿಡಿಸಲಿಲ್ಲ. ಹೊರಡುವಾಗ ನನ್ನ ಫೋನ್ ನಂಬರು ಬರೆಸಿಕೊಂಡರು.

ಫಾಸ್ಟರ್ ಸಿಟಿ

ಎರಡು ದಿನ ಬಿಟ್ಟು ಫೋನು ಬಂತು. ಮನೆಯಲ್ಲಿ ಒಂದು ಪೂಜೆ ಇದೆ, ಮಾತಾಡಬೇಕು, ಬನ್ನಿ ಎಂದರು. ಅವರ ಸೊಸೆ ಗಿರಿಜಾ ಕಾರು ತಂದು, ಕೊಲ್ಲಿಯ ಮೇಲಿನ ಉದ್ದ ಸೇತುವೆ ದಾಟಿಸಿ ಕರೆದುಕೊಂಡು ಹೋದರು.

ಮನೆ ನೀರಿಗೆ ಬೆನ್ನು ಮಾಡಿ ನಿಂತಿತ್ತು. ಹಿತ್ತಿಲಿನ ಬೇಲಿ ಮುಗಿದಲ್ಲಿ ಕೆರೆಯ ಹಾಗೆ ಮಾಡಿಟ್ಟ ನೀರು, ನೀರಿನ ತುಂಬ ಬಾತುಗಳು. ಜಾನಕಮ್ಮ ಸುತ್ತು ಬಳಸದೆ ಹೇಳಿದರು. ಮೊಮ್ಮಗಳು ಸುಮನಾ ಓಕ್ಲೆಂಡಿನಲ್ಲಿ ಮಕ್ಕಳ ಡಾಕ್ಟರು. ಅವಳೂ ಮರೀಸಾ ಎಂಬ ಮೆಕ್ಸಿಕೋ ಮೂಲದ ಹುಡುಗಿಯೂ ನಾಲ್ಕು ವರ್ಷದಿಂದ ಒಟ್ಟಿಗೆ ಇದ್ದಾರೆ. ಮರೀಸಾ ಸ್ಕೂಲಿನಲ್ಲಿ ಲೆಕ್ಕದ ಟೀಚರು. ಸುಮನಾಳ ಅಪ್ಪ ರಾಮಪ್ರಸಾದ್ ಔಷಧಿ ಕಂಪನಿಯಲ್ಲಿ ವಿಜ್ಞಾನಿ. ಎರಡು ವರ್ಷದಿಂದ ಮಗಳ ಜೊತೆ ಮಾತು ಬಿಟ್ಟಿದ್ದಾನೆ. ಜೀವಕೋಶದ ಒಳಗೆ ಏನೇನಿದೆ ಎಂದು ಇಡೀ ದಿನ ನೋಡುವವನಿಗೆ ಮನೆಯೊಳಗೆ ಏನಿದೆ ಎಂದು ನೋಡಲು ಆಗಲಿಲ್ಲ. ಇದು ನನ್ನ ಮಾತಲ್ಲ, ಹೆತ್ತ ತಾಯಿಯದು.

"ಇಬ್ಬರನ್ನೂ ಕೂರಿಸಿ ಮದುವೆ ಮಾಡಿಸಿ" ಎಂದರು ಜಾನಕಮ್ಮ.

"ತಾಯಿ, ಅದಕ್ಕೆ ಪ್ರಯೋಗ ಇಲ್ಲ. ಯಾವ ಋಷಿಯೂ ಅದರ ವಿಧಾನ ಹೇಳಿಲ್ಲ."

"ನಾಯಿ ಬಿಸ್ಕತ್ತಿನ ಬೀರುವಿಗೆ ಪೂಜೆ ಮಾಡಿಸಿದ್ರಂತೆ. ಅದರ ಪ್ರಯೋಗ ಯಾವ ಋಷಿ ಹೇಳಿದ್ರು?"

ನಾನು ಹಿತ್ತಿಲಿನ ಬಾತುಗಳನ್ನು ನೋಡಿದೆ.

"ನನ್ನ ಮದುವೇಲಿ ಒಂದು ಅಕ್ಷರ ತಪ್ಪಲಿಲ್ಲ. ಕಾಶೀಲಿ ಓದಿದ ಪುರೋಹಿತರು. ನನಗೆ ಹದಿಮೂರು. ಆಮೇಲೆ ಅರವತ್ತು ವರ್ಷ ಆ ಮಹಾನುಭಾವ ನನ್ನ ಜೊತೆ ಆಡಿದ್ದು ಬಡಿಸು, ತೆಗಿ, ಬಾಗಿಲು ಹಾಕು. ಈ ಎರಡು ಹುಡುಗೀರು ಪಾತ್ರೆ ತೊಳೀತಾ ಮಾತಾಡ್ತವೆ, ಬಟ್ಟೆ ಮಡಚ್ತಾ ಮಾತಾಡ್ತವೆ, ಮಾತು ಮುಗಿಯೋದೇ ಇಲ್ಲ. ಅವರ ಮನೆಗೆ ಹೋದಾಗ ಬಾಗಿಲಾಚೆ ಕೂತು ಕೇಳ್ತಾ ಇದ್ರೆ ನನಗೆ ಹೊಟ್ಟೆಕಿಚ್ಚಾಗುತ್ತೆ ಶಾಸ್ತ್ರಿಗಳೇ."

ನಾನು ನನ್ನ ಜಾತಿಯ ಉಪಾಯ ಮಾಡಿದೆ. ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಮದುವೆ ಬೇಡ, ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳಿ, ಇಬ್ಬರೂ ಒಟ್ಟಿಗೆ ಮಣೆಯ ಮೇಲೆ ಕೂರಲಿ, ದೇವರಿಗೆ ಎಲ್ಲ ಅರ್ಥವಾಗುತ್ತದೆ ಎಂದೆ. ದೇವರಿಗೆ ಅರ್ಥವಾಗುತ್ತದೆ ಎಂಬುದು ಪುರೋಹಿತರು ತಪ್ಪಿಸಿಕೊಳ್ಳುವಾಗ ಆಡುವ ಮಾತು. ಜಾನಕಮ್ಮನಿಗೆ ಅದು ಗೊತ್ತಿತ್ತು. ಆದರೂ ಒಪ್ಪಿದರು.

ಭಾನುವಾರ ಬೆಳಿಗ್ಗೆ ಪೂಜೆ. ಗಿರಿಜಾ ಅಡುಗೆಮನೆಯಲ್ಲಿ ಪ್ರಸಾದಕ್ಕೆ ಸಜ್ಜಿಗೆ ಹುರಿಯುತ್ತಿದ್ದರು. ರಾಮಪ್ರಸಾದ್ ಬ್ರೆಡ್ಡಿನ ಪೊಟ್ಟಣ ಹಿಡಿದು ಹಿತ್ತಿಲಿಗೆ ಹೋಗಿ ಬೆನ್ನು ತಿರುಗಿಸಿ ಕೂತವರು ಒಳಗೆ ಬರಲೇ ಇಲ್ಲ. ಮರೀಸಾಳ ಕಡೆಯಿಂದ ಬಂದದ್ದು ಅವಳ ಅಪ್ಪ ಒಬ್ಬರೇ. ಬಸ್ ಓಡಿಸಿ ನಿವೃತ್ತರಾದವರು. ಬಿಚ್ಚಿದ ಬೂಟುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅವಳ ಅಮ್ಮ ದಿನವೂ ಚರ್ಚಿಗೆ ಹೋಗುವವರು. ಹೋಗಬೇಡ ಎಂದು ಅವರ ಪಾದ್ರಿ ಹೇಳಿದ್ದರಂತೆ. ನಮ್ಮ ಕಮಿಟಿಗೆ ಗೊತ್ತಾಗಿದ್ದರೆ ಅವರನ್ನೂ ಕರೆದು ಟೀ ಕೊಡುತ್ತಿದ್ದರು.

ಸುಮನಾ ಮೂವತ್ತರ ಹುಡುಗಿ, ಅಜ್ಜಿಯದೇ ಮೂಗು. ಮರೀಸಾ ಹತ್ತು ಕಡೆ ಪಿನ್ನು ಚುಚ್ಚಿದ ಹಸಿರು ಸೀರೆಯಲ್ಲಿ ಅಲುಗಾಡಲೂ ಹೆದರಿ ಕೂತಿದ್ದಳು. ಪೂಜೆಯ ಆರಂಭದಲ್ಲಿ ಸಂಕಲ್ಪ. ಯಾರು, ಯಾವ ಗೋತ್ರ, ಯಾರ ಜೊತೆ ಕೂತು ಈ ಪೂಜೆ ಮಾಡುತ್ತಿದ್ದಾರೆ ಎಂದು ದೇವರಿಗೆ ಹೇಳುವುದು. ಗಂಡಸು ಹೆಂಡತಿಯ ಜೊತೆ ಕೂತಿದ್ದರೆ ಅಲ್ಲಿ 'ಧರ್ಮಪತ್ನೀಸಮೇತಸ್ಯ' ಎಂಬ ಪದ ಬರುತ್ತದೆ. ಆ ಪದಕ್ಕೆ ಹೆಂಡತಿಯಾದವಳು ದರ್ಭೆಯಿಂದ ಗಂಡನ ಕೈ ಮುಟ್ಟಬೇಕು. ಭಾರದ್ವಾಜ ಗೋತ್ರದ ಸುಮನಾ ಎಂದು ಹೇಳಿದೆ. ಮುಂದಿನದನ್ನು ಗಂಟಲಲ್ಲೇ ಗೊಣಗಿ, ಕೆಮ್ಮಿ, 'ಸಹಕುಟುಂಬಾನಾಂ' ಎಂದು ಹಾರಿಬಿಟ್ಟೆ.

"ಶಾಸ್ತ್ರಿಗಳೇ" ಎಂದರು ಹಿಂದಿನ ಕುರ್ಚಿಯಿಂದ ಜಾನಕಮ್ಮ. "ಅಲ್ಲೊಂದು ಪದ ನುಂಗಿದ್ರಿ."

ನಾನು ಕಲಶದ ಮೇಲಿನ ಹೂವು ಸರಿಮಾಡಿದೆ.

"ಅರವತ್ತು ವರ್ಷ ಆ ಪದಕ್ಕೆ ಸರಿಯಾಗಿ ದರ್ಭೆ ಮುಟ್ಟಿಸಿದೋಳು ನಾನು. ಆ ಮಗು ಆಗಿನಿಂದ ದರ್ಭೆ ಹಿಡ್ಕೊಂಡು ಕಾಯ್ತಾ ಇದೆ. ಅವಳು ಯಾವಾಗ ಮುಟ್ಟಬೇಕು, ಹೇಳಿ."

ನೋಡಿದರೆ ನಿಜ. ಅಜ್ಜಿ ಮುಂಚೆಯೇ ಹೇಳಿಕೊಟ್ಟಿದ್ದರೆಂದು ಕಾಣುತ್ತದೆ. ಮರೀಸಾ ದರ್ಭೆಯ ಎಸಳನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ನನ್ನ ಬಾಯನ್ನೇ ನೋಡುತ್ತಿದ್ದಳು. ಪರೀಕ್ಷೆಯಲ್ಲಿ ಪ್ರಶ್ನೆಗೆ ಕಾಯುವ ಮಕ್ಕಳನ್ನು ನಾನು ಮೂವತ್ತೈದು ವರ್ಷ ನೋಡಿದ್ದೇನೆ. ಆ ಮುಖ ನನಗೆ ಗೊತ್ತು. ಅಂಥ ಮುಖಕ್ಕೆ ಪ್ರಶ್ನೆಪತ್ರಿಕೆ ಕೊಡದೆ ಕೂರಿಸುವಷ್ಟು ಕೆಟ್ಟ ಮೇಷ್ಟ್ರು ನಾನಲ್ಲ.

ಮತ್ತೆ ಮೊದಲಿಂದ ಹೇಳಿದೆ. ಯಜಮಾನಿ ಹೆಣ್ಣಾದ್ದರಿಂದ ಪದ ಬದಲಾಗಬೇಕು. 'ಧರ್ಮಪತ್ನೀಸಮೇತಾಯಾಃ' ಎಂದೆ, ಬಿಡಿಸಿ, ಗಟ್ಟಿಯಾಗಿ. ವ್ಯಾಕರಣ ಒಂದು ಕ್ಷಣವೂ ತಡೆಯಲಿಲ್ಲ. ಸಾವಿರಾರು ವರ್ಷ ಯಾರೂ ಆಡದಿದ್ದ ಪದ, ಬೇಕಾದಾಗ ಸಿದ್ಧವಾಗಿಯೇ ಇತ್ತು. ಮರೀಸಾ ದರ್ಭೆಯನ್ನು ಸುಮನಾಳ ಕೈಗೆ ಮುಟ್ಟಿಸಿದಳು. ಸುಮನಾ ಅಳುತ್ತಿದ್ದಳು. ಬೂಟು ಹಿಡಿದ ಅಪ್ಪನಿಗೆ ಏನೂ ಅರ್ಥವಾಗದಿದ್ದರೂ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

ಮಂಗಳಾರತಿಯ ಗಂಟೆಗೆ ರಾಮಪ್ರಸಾದ್ ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಬ್ರೆಡ್ಡಿನ ಚೂರು ಅಂಟಿಕೊಂಡಿತ್ತು. ಯಾರನ್ನೂ ನೋಡದೆ ಆರತಿ ತೆಗೆದುಕೊಂಡರು. ಆಮೇಲೆ, ತಟ್ಟೆ ಎತ್ತಲು ಹೋದ ಮರೀಸಾಗೆ, ತಟ್ಟೆ ಬಿಸಿಯಿದೆ, ಬಟ್ಟೆಯಲ್ಲಿ ಹಿಡಿ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಡುಗೆಮನೆಯಲ್ಲಿ ಗಿರಿಜಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು.

ಮತ್ತೆ ಫ್ರೀಮಾಂಟ್

ಅಲ್ಲಿನ ಫ್ರೀವೇಗಳಲ್ಲಿ ಕಾರುಗಳು ಗಂಟೆಗಟ್ಟಲೆ ನಿಂತಿರುತ್ತವೆ, ಚಾಡಿ ಮಾತ್ರ ನಿಲ್ಲುವುದಿಲ್ಲ. ಮರುದಿನ ಸಂಜೆಯ ಹೊತ್ತಿಗೆ ಚಂದ್ರಶೇಖರ್ ಅವರಿಗೆ ಸುದ್ದಿ ಮುಟ್ಟಿತ್ತು. ಕೂಗಾಡಲಿಲ್ಲ. ಆಫೀಸಿನ ಮೀಟಿಂಗಿನ ಹಾಗೆ ಎದುರು ಕೂರಿಸಿಕೊಂಡರು.

"ನಿಮ್ಮ ಮೇಲೆ ಗೌರವ ಇದೆ ಶಾಸ್ತ್ರಿಗಳೇ. ಆದ್ರೆ ಕಮ್ಯೂನಿಟಿ ಅಂತ ಒಂದಿದೆ. ನಮ್ಮ ಮಕ್ಕಳು ಇಲ್ಲಿ ಬೆಳೀತಾ ಇದಾರೆ. ಶಾಸ್ತ್ರಕ್ಕೆ ವಿರುದ್ಧವಾಗಿ ಹೋದ್ರೆ ನಾಳೆ ಅವರಿಗೆ ಏನು ಹೇಳೋದು?"

ಅಮಾವಾಸ್ಯೆಯ ಉಪನಯನ ಇವರ ಅಣ್ಣನ ಮಗನದೇ. ಹೇಳಬಹುದಿತ್ತು. ಹೇಳಲಿಲ್ಲ.

ಒಂದು ಕಾಗದ ಮುಂದಿಟ್ಟರು. ಇಂಗ್ಲಿಷಿನಲ್ಲಿ ಟೈಪು ಮಾಡಿತ್ತು. ನಡೆದದ್ದು ಮಾಮೂಲಿ ಸತ್ಯನಾರಾಯಣ ಪೂಜೆ, ಅದಕ್ಕೆ ಬೇರೆ ಅರ್ಥವಿಲ್ಲ, ಆ ಇಬ್ಬರ ಸಂಬಂಧವನ್ನು ನಾನು ಒಪ್ಪುವುದಿಲ್ಲ ಎಂದು ಅದರಲ್ಲಿತ್ತು. ಇನ್ನೂ ಹದಿನೈದು ದಿನ ಅದೇ ಮನೆಯ ಕೋಣೆ, ಅದೇ ಗಂಜಿ. ಕನ್ನಡಕ ಮಹಡಿಯಲ್ಲಿದೆ ಎಂದು ಹೇಳಿ, ಓದದವನಂತೆ ನಟಿಸಿ, ಸಹಿ ಹಾಕಿದೆ. ಕನ್ನಡಕ ಜೇಬಿನಲ್ಲೇ ಇತ್ತು. ಆ ದಿನವೇ ಅದು ಈಮೇಲಿನಲ್ಲಿ ಎಲ್ಲ ಮನೆಗೂ ಹೋಯಿತು.

ಮತದಾನದಲ್ಲಿ ಅವರ ಪಕ್ಷ ಗೆದ್ದಿತು. ಆ ವಾರ ದೇವಸ್ಥಾನದಲ್ಲಿ ಮೈಸೂರು ಪಾಕು ಹಂಚಿದರು. ಎವರ್‌ಗ್ರೀನಿನ ಆ ಹದಿನೈದರ ಹುಡುಗಿ ತನ್ನ ತುಂಡನ್ನು ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದು, "ಶಾಸ್ತ್ರಿ ಅಂಕಲ್, ವಾಟ್ ಡಿಡ್ ವಿ ವಿನ್?" ಎಂದು ಕೇಳಿದಳು. ನಿಜವಾಗಿಯೂ ತಿಳಿಯದೆ ಕೇಳಿದ್ದು. ಅಲ್ಲಿ ನಿಂತಿದ್ದ ಎಂಜಿನಿಯರುಗಳೂ ಡಾಕ್ಟರುಗಳೂ ಇನ್ನೊಂದು ತುಂಡಿಗೆ ಕೈ ಚಾಚಿದರು. ನಾನೂ ಚಾಚಿದೆ.

ಏರ್‌ಪೋರ್ಟಿನ ದಾರಿ

ಹೊರಡುವ ದಿನ ಕೆಲಸದ ವಾರ. ಸಂಸ್ಕೃತಿಯನ್ನು ಕಾಪಾಡುವವರೆಲ್ಲ ಆಫೀಸಿಗೆ ಹೋಗಿದ್ದರು. ನನ್ನನ್ನು ಬಿಡಲು ಬಂದವಳು ಸುಮನಾ. ಅಜ್ಜಿ ಕಳಿಸಿದ್ದು ಎಂದಳು. ಹಿಂದಿನ ಸೀಟಿನಲ್ಲಿ ಒಂದು ಡಬ್ಬ ಕೋಡುಬಳೆ ಇತ್ತು.

ಸ್ವಲ್ಪ ದೂರ ಹೋದ ಮೇಲೆ ನಾನೇ ಬಾಯಿ ಬಿಟ್ಟೆ. "ಅಮ್ಮಾ, ನಾನು ಒಂದು ಕಾಗದಕ್ಕೆ ಸಹಿ ಹಾಕಿದೀನಿ."

"ಗೊತ್ತು ಅಂಕಲ್. ಐ ರೆಡ್ ಇಟ್" ಎಂದಳು. ಪರವಾಗಿಲ್ಲ ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಎರಡು ಕೈಯಲ್ಲೂ ಸ್ಟಿಯರಿಂಗು ಹಿಡಿದು ಮುಂದಿನ ಕಾರಿನ ಕೆಂಪು ದೀಪವನ್ನೇ ನೋಡುತ್ತಿದ್ದಳು. ಆಮೇಲೆ ತಡೆದು ತಡೆದು ಕನ್ನಡದಲ್ಲಿ ಹೇಳಿದಳು. "ಅಜ್ಜಿಗೆ ಹೇಳಬೇಡಿ. ಅವರು ಈಮೇಲ್ ನೋಡಲ್ಲ. ನೀವು ತುಂಬ ಧೈರ್ಯ ಅಂತ ಎಲ್ಲರಿಗೂ ಹೇಳ್ತಾರೆ."

ಬೈದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ವಿಮಾನದಲ್ಲಿ ಕೋಡುಬಳೆ ತಿಂದೆ. ಹದವಾಗಿತ್ತು, ಎಷ್ಟು ಬೇಡವೆಂದುಕೊಂಡರೂ ಕೈ ಡಬ್ಬಕ್ಕೆ ಹೋಗುತ್ತಿತ್ತು. ಮೂರು ತಿಂಗಳು ಅಲ್ಲಿನವರನ್ನೆಲ್ಲ ನೋಡಿ ಮನಸ್ಸಿನಲ್ಲೇ ನಕ್ಕಿದ್ದೆ. ಬೀರುವಿನ ಹುಡುಗ, ಶನಿವಾರದ ಹಬ್ಬ, ಬಾರ್ಬೆಕ್ಯೂ ಎಂದವರು. ಅವರಲ್ಲಿ ಯಾರೂ ತಾವು ಬಾಯಿಂದ ಹೇಳಿದ ಮಂತ್ರವನ್ನು ಸಹಿ ಹಾಕಿ ಅಲ್ಲಗಳೆದಿರಲಿಲ್ಲ. ಅದು ನನ್ನೊಬ್ಬನ ಸಾಧನೆ.

ಮೈಸೂರು

ಬಂದು ಒಂದು ತಿಂಗಳು ಸುಮ್ಮನಿದ್ದೆ. ಆಮೇಲೆ ಜಾನಕಮ್ಮನಿಗೆ ಕಾಗದ ಬರೆದೆ. ಸುಮನಾಳ ಮಾತು ಮೀರಿದೆ ಎಂದು ಗೊತ್ತು. ಸಹಿ ಹಾಕಿದ್ದು, ಕನ್ನಡಕ ಜೇಬಿನಲ್ಲಿದ್ದದ್ದು, ಎಲ್ಲ ಬರೆದೆ. ಕ್ಷಮೆ ಕೇಳಿದರೆ ಕೊಡುವ ಕಷ್ಟ ಅವರದಾಗುತ್ತದೆಂದು ಕೇಳಲಿಲ್ಲ.

ಎರಡು ತಿಂಗಳಿಗೆ ಉತ್ತರ ಬಂತು. ನಡುಗುವ ಅಕ್ಷರ. ಮೊದಲು ಮಂಡಿನೋವು, ಆಮೇಲೆ ಹಿತ್ತಿಲಿನ ಕರಿಬೇವಿನ ಗಿಡ ಚಳಿಗೆ ಹೋದದ್ದು, ರಾಮಪ್ರಸಾದ್ ಈಗ ಮಗಳ ಮನೆಗೆ ಹೋಗುತ್ತಾನೆ, ಆದರೆ ಕಾರಿನಿಂದ ಇಳಿಯುವುದಿಲ್ಲ ಎಂಬ ಸುದ್ದಿ. ಕೊನೆಗೆ ಹೀಗಿತ್ತು. "ಸಹಿಯ ವಿಷಯ ಓದಿದೆ. ಬೇಜಾರಾಯಿತು. ಈ ಡಿಸೆಂಬರಿನಲ್ಲಿ ಹುಡುಗಿಯರು ಇಬ್ಬರೂ ಮೈಸೂರು ನೋಡಲು ಬರುತ್ತಾರೆ. ಹೋಟೆಲು ಬೇಡ, ಶಾಸ್ತ್ರಿಗಳ ಮನೆಯಲ್ಲೇ ಇಳಿಯಿರಿ ಎಂದು ಹೇಳಿದ್ದೇನೆ. ಮನೆಯಲ್ಲಿ ತಿಳಿಸಿಡುವುದು."

ನನ್ನ ಹೆಂಡತಿ ಲಲಿತಾ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಪಕ್ಕದ ಮನೆಯವರೂ, ಎದುರು ಮನೆಯವರೂ ಅವರವರ ಜಗಲಿಯಲ್ಲಿದ್ದರು. ನಮ್ಮ ಬೀದಿಯಲ್ಲಿ ಒಂದು ಮನೆಯಲ್ಲಿ ಆಡಿದ್ದು ನಾಲ್ಕು ಮನೆಗೆ ಕೇಳುತ್ತದೆ. ನಾನು ಕಾಗದ ಹಿಡಿದು ನಿಂತೇ ಎಲ್ಲ ಹೇಳಿದೆ, ಫಾಸ್ಟರ್ ಸಿಟಿಯಿಂದ ಸಹಿಯವರೆಗೆ. ಅವಳು ಸುಲಿಯುವುದನ್ನು ನಿಲ್ಲಿಸದೆ ಕೇಳಿದಳು. ನಾನು ಮುಗಿಸಿದ ಮೇಲೆ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು.

"ಸಹಿ ಹಾಕಿದ್ದು ನಿಮಗೆ ತಕ್ಕ ಹಾಗೇ ಇದೆ" ಎಂದಳು. ಆಮೇಲೆ ಕೇಳಿದಳು, "ಮಹಡಿ ಕೋಣೆಲಿ ಹಾಸಿಗೆ ಎರಡು ಹಾಕಲಾ, ಒಂದು ಹಾಕಲಾ?"

ಎದುರು ಮನೆಯ ರಾಯರು ಪೇಪರನ್ನು ಸ್ವಲ್ಪ ಕೆಳಗಿಳಿಸಿದರು.

"ಒಂದು" ಎಂದೆ.